ಹನ್ನೊಂದು ಬಾಟಲಿ, ಎರಡು ರೆಪ್ಪೆ: ಒಂದು ಪ್ರಕರಣ ಅಧ್ಯಯನ

ಇದು ನನ್ನ ಪರಿಚಯದ ಒಬ್ಬಳಿಗೆ ಆದದ್ದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಅಕ್ಕ, ಆದ್ರೆ ನಾನು ಅಂತ ಯಾರಿಗೂ ಗೊತ್ತಾಗಬಾರದು" ಅಂದಿದ್ದಾಳೆ. ಹಾಗಾಗಿ ಹೆಸರಿಲ್ಲ, ಊರಿಲ್ಲ, ಏನು ಕೆಲಸ ಅನ್ನುವುದೂ ಇಲ್ಲ. ಬಳಸಿದ ಸಾಮಾನುಗಳ ಬ್ರಾಂಡ್ ಕೂಡ ಹೇಳುವುದಿಲ್ಲ. ಹೇಳಿದರೆ ಓದುವವರ ಗಮನವೆಲ್ಲ ಅಲ್ಲಿಗೇ ಹೋಗುತ್ತದೆ.

ನನ್ನ ಬಗ್ಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ಕ್ರೀಮು, ಲೋಷನ್ ತಯಾರಾಗುವ ಕಡೆ ಹಲವು ವರ್ಷ ಕೆಲಸ ಮಾಡಿದವಳು. ಯಾವ ಬಾಟಲಿ ಕೈಗೆ ಬಂದರೂ ಮೊದಲು ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದುತ್ತೇನೆ. ಈ ಪ್ರಕರಣದಲ್ಲಿ ನನ್ನ ದಾರಿ ತಪ್ಪಿಸಿದ್ದೂ ಅದೇ ಅಭ್ಯಾಸ.

ಹಿನ್ನೆಲೆ

ಅವಳಿಗೆ ಮೂವತ್ತರ ಆಸುಪಾಸು. ಚರ್ಮದ ಕಾಯಿಲೆ ಅಂತ ಏನೂ ಇರಲಿಲ್ಲ. ಹಳೆಯ ಮೊಡವೆಗಳ ನಾಲ್ಕಾರು ಕಲೆ, ಮೂಗಿನ ಮೇಲೆ ಸ್ವಲ್ಪ ಜಿಡ್ಡು, ಅಷ್ಟೇ. ಕೆಲಸ ಸ್ವಲ್ಪ ಹಗುರಾದ ದಿನಗಳಲ್ಲಿ, ಇನ್ನಾದರೂ ಮುಖವನ್ನು ಸರಿಯಾಗಿ ನೋಡಿಕೊಳ್ಳಬೇಕು ಎಂದು ಮನಸ್ಸು ಮಾಡಿದಳು. ಒಂದೊಂದೇ ತರಿಸುತ್ತಾ ಹೋದಳು. ಮೂರು ವಾರದಲ್ಲಿ ಮನೆಗೆ ಬಂದದ್ದು ಹನ್ನೊಂದು. ಎರಡು ಫೇಸ್‌ವಾಶ್, ಗ್ಲೈಕೋಲಿಕ್ ಆಸಿಡ್ ಇರುವ ಟೋನರ್, ವಿಟಮಿನ್ ಸಿ ಸೀರಮ್, 10% ನಿಯಾಸಿನಮೈಡ್, ಹಯಲುರಾನಿಕ್ ಆಸಿಡ್, ರೆಟಿನಾಲ್, ಮಾಯಿಶ್ಚರೈಸರ್, ಕಣ್ಣಿನ ಸುತ್ತ ಹಚ್ಚುವ ಕ್ರೀಮ್, ಸನ್‌ಸ್ಕ್ರೀನ್, ವಾರಕ್ಕೊಮ್ಮೆ ಹಚ್ಚುವ ಮಣ್ಣಿನ ಮಾಸ್ಕ್.

"ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ ಬಿಟ್ಟೆ?" ಎಂದು ಆಮೇಲೆ ಕೇಳಿದೆ.

"ಬಂದ ದಿನವೇ ಹಚ್ಚಿದೆ ಅಕ್ಕ. ಪೊಟ್ಟಣ ಬಿಚ್ಚಿದ ಮೇಲೆ ಯಾರು ಕಾಯ್ತಾರೆ?"

ನಿಜ, ಯಾರೂ ಕಾಯುವುದಿಲ್ಲ. ನಾನೂ ಎಷ್ಟೋ ಸಲ ಕಾದಿಲ್ಲ.

ತೊಂದರೆ

ಮೂರನೇ ವಾರದ ಕೊನೆಗೆ ಒಂದು ಬೆಳಿಗ್ಗೆ ಎದ್ದಾಗ ಎರಡೂ ಮೇಲ್ರೆಪ್ಪೆ ಊದಿದ್ದವು. ಕೆಂಪು, ಜೊತೆಗೆ ವಿಪರೀತ ತುರಿಕೆ. ಎರಡು ದಿನ ಕಳೆದ ಮೇಲೆ ರೆಪ್ಪೆಯ ಚರ್ಮ ಒಣಗಿ, ಮುದುಡಿದ ಕಾಗದದ ಹಾಗಾಗಿ, ಸಿಪ್ಪೆ ಏಳತೊಡಗಿತು. ಕುತ್ತಿಗೆಯ ಬಲಗಡೆಯೂ ಒಂದು ಕೆಂಪು ಪಟ್ಟೆ. ಕೆನ್ನೆ, ಹಣೆ, ಗಲ್ಲ ಮಾತ್ರ ಚೆನ್ನಾಗಿದ್ದವು.

ರೆಟಿನಾಲ್ ಶುರು ಮಾಡಿ ಆಗ ನಾಲ್ಕು ದಿನವಾಗಿತ್ತು. ಅವಳ ಅನುಮಾನ ಅದರ ಮೇಲೇ ಹೋಯಿತು. ಎಲ್ಲವನ್ನೂ ನಿಲ್ಲಿಸಿದಳು. ನಾಲ್ಕೈದು ದಿನಕ್ಕೆ ಊತ ಇಳಿಯಿತು. ಇಳಿದದ್ದೇ ತಡ, ರೆಟಿನಾಲ್ ಒಂದನ್ನು ಬಿಟ್ಟು ಉಳಿದ ಹತ್ತನ್ನೂ ಒಟ್ಟಿಗೆ ಶುರು ಮಾಡಿದಳು. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ರೆಪ್ಪೆ ಊದಿತು. ಆಗ ನನಗೆ ಫೋನ್ ಬಂತು.

ಆ ದಿನ ನಾನು ಕೇಳಿದ ಮೊದಲ ಪ್ರಶ್ನೆ, "ಮುಖಕ್ಕೆ ಏನೇನು ಹಚ್ಚುತ್ತಿದ್ದೀಯ?" ಮುಂದೆ ಕಳೆದ ಆರು ವಾರಕ್ಕೆ ಈ ಒಂದು ಪ್ರಶ್ನೆಯೇ ಕಾರಣ ಎಂದು ಈಗ ಅನ್ನಿಸುತ್ತದೆ. ಮುಖಕ್ಕೆ ಎಂದು ಕೇಳಿದೆ, ಅವಳು ಮುಖದ್ದಷ್ಟೇ ಹೇಳಿದಳು.

ನಾನು ಕೊಟ್ಟ ಸಲಹೆ

ಹನ್ನೊಂದು ಬಾಟಲಿಯ ಫೋಟೋ ತರಿಸಿಕೊಂಡು ಓದಿದೆ. ಲೇಬಲ್ಲಿನಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. 1%ಗಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಸುಗಂಧ, ಕೆಡದಂತೆ ಹಾಕುವ ರಾಸಾಯನಿಕಗಳು ಇರುವುದು ಈ ಬಾಲದಲ್ಲೇ. ಅಲರ್ಜಿಯ ಅನುಮಾನ ಬಂದಾಗ ನಾನು ಕೊನೆಯಿಂದ ಮೇಲಕ್ಕೆ ಓದುತ್ತೇನೆ. ಎದ್ದು ಕಾಣುವಂಥದ್ದೇನೂ ಸಿಗಲಿಲ್ಲ.

ಹಾಗಾದರೆ ಇದು ಅಲರ್ಜಿಯಲ್ಲ, ಉರಿತ ಎಂದು ತೀರ್ಮಾನಿಸಿದೆ. ಈ ಎರಡರ ವ್ಯತ್ಯಾಸ ಇಲ್ಲಿ ಮುಖ್ಯ. ಆಸಿಡ್, ರೆಟಿನಾಲ್‌ನಂಥವು ಜಾಸ್ತಿಯಾದರೆ ಯಾರ ಚರ್ಮವಾದರೂ ಕೆರಳುತ್ತದೆ. ಪ್ರಮಾಣ ಇಳಿಸಿದರೆ ಅದೂ ಇಳಿಯುತ್ತದೆ. ಅಲರ್ಜಿ ಹಾಗಲ್ಲ. ದೇಹದ ರಕ್ಷಣಾ ವ್ಯವಸ್ಥೆ ಒಂದು ನಿರ್ದಿಷ್ಟ ರಾಸಾಯನಿಕವನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಅದು ಚೂರು ತಗುಲಿದರೂ ಸಾಕು. ಚರ್ಮದ ಈ ಬಗೆಯ ಅಲರ್ಜಿ ತಕ್ಷಣ ಕಾಣುವುದೂ ಇಲ್ಲ, ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತದೆ. ಉರಿತದಲ್ಲಿ ಉರಿ ಜಾಸ್ತಿ, ಅಲರ್ಜಿಯಲ್ಲಿ ತುರಿಕೆ ಜಾಸ್ತಿ. ಇದೇನೂ ತಪ್ಪದ ನಿಯಮವಲ್ಲ, ಆದರೂ ಒಂದು ಸುಳಿವು.

ಅವಳು ಹೇಳಿದ್ದು ತುರಿಕೆ. ನಾನು ಕೇಳಿಸಿಕೊಂಡದ್ದು ಉರಿ.

ಇನ್ನೊಂದು ಸುಳಿವೂ ಕಣ್ಣೆದುರಿಗೇ ಇತ್ತು. ರೆಟಿನಾಲ್ ಅಥವಾ ಗ್ಲೈಕೋಲಿಕ್ ಆಸಿಡ್ ಕಾರಣವಾಗಿದ್ದರೆ ಅವು ಬಿದ್ದ ಜಾಗದಲ್ಲಿ, ಅಂದರೆ ಕೆನ್ನೆ, ಗಲ್ಲ, ಮೂಗಿನ ಪಕ್ಕದ ಮಡಿಕೆಗಳಲ್ಲಿ ಚರ್ಮ ಕೆಡಬೇಕಿತ್ತು. ಅಲ್ಲೆಲ್ಲ ಸರಿಯಾಗಿದ್ದು ರೆಪ್ಪೆ ಮಾತ್ರ ಕೆಟ್ಟಿದೆ ಅಂದರೆ? ರೆಪ್ಪೆಯ ಚರ್ಮ ತುಂಬಾ ತೆಳು, ಸುತ್ತ ಹಚ್ಚಿದ್ದು ಹರಿದು ಅಲ್ಲಿಗೆ ಹೋಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಮ್ಮೆ ತೀರ್ಮಾನ ಮಾಡಿದ ಮೇಲೆ ಅದಕ್ಕೆ ಹೊಂದುವ ವಿವರಣೆ ಸಿಕ್ಕೇ ಸಿಗುತ್ತದೆ, ಅಲ್ವಾ?

ನನ್ನ ಸಲಹೆ ಹೀಗಿತ್ತು. ನಾಲ್ಕು ವಾರ ಎಲ್ಲವೂ ಬಂದ್. ಸುಗಂಧವಿಲ್ಲದ ಮೃದು ಫೇಸ್‌ವಾಶ್, ಬರೀ ಪೆಟ್ರೋಲಿಯಂ ಜೆಲ್ಲಿ, ಹಗಲು ಸನ್‌ಸ್ಕ್ರೀನ್. ನಾಲ್ಕು ವಾರವೇ ಏಕೆ ಅಂದರೆ ಚರ್ಮದ ಹೊರಪದರ ಪೂರ್ತಿ ಹೊಸದಾಗಲು ಸುಮಾರು ಅಷ್ಟು ಸಮಯ ಬೇಕು.

ಎಂಟನೇ ದಿನಕ್ಕೆ ರೆಪ್ಪೆ ಮೊದಲಿನಂತಾಯಿತು. ನಾನು ಒಳಗೊಳಗೇ ಬೀಗಿದೆ.

ಹನ್ನೆರಡನೇ ದಿನ ಮತ್ತೆ ಊದಿತು.

ಮುಖದ ಮೇಲೆ ಇದ್ದದ್ದು ಮೂರೇ ಸಾಮಾನು. ಪೆಟ್ರೋಲಿಯಂ ಜೆಲ್ಲಿಗೆ ಅಲರ್ಜಿ ತೀರಾ ಅಪರೂಪ. ಉಳಿದದ್ದರಲ್ಲಿ ಸನ್‌ಸ್ಕ್ರೀನ್ ಮೇಲೆ ಕಣ್ಣು ಹೋಯಿತು. ಕೆಲವು ಸನ್‌ಸ್ಕ್ರೀನ್ ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿಸುವುದು ಇದ್ದದ್ದೇ. ಝಿಂಕ್ ಆಕ್ಸೈಡ್ ಇರುವುದಕ್ಕೆ ಬದಲಾಯಿಸು ಎಂದೆ. ಡಬ್ಬಿಯ ಮೇಲೆ "ಹೈಪೋಅಲರ್ಜೆನಿಕ್", ಅಂದರೆ ಅಲರ್ಜಿ ತರುವುದು ಕಡಿಮೆ, ಎಂದು ಬರೆದದ್ದನ್ನೇ ಹುಡುಕಿ ತಂದಳು. ಆ ಪದವನ್ನು ನಂಬಿ ಕೂರಬೇಡಿ. ಅಮೆರಿಕದಲ್ಲಿ ಔಷಧ, ಸೌಂದರ್ಯವರ್ಧಕಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1975ರಲ್ಲಿ ಅದಕ್ಕೊಂದು ಅರ್ಥ ಕೊಡುವ ನಿಯಮ ತಂದಿತ್ತು. 1977ರಲ್ಲಿ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ಅಲ್ಲಿಂದ ಈಚೆಗೆ ಅಲ್ಲಿ ಆ ಪದಕ್ಕೆ ಕಾನೂನಿನ ಅರ್ಥವೇ ಇಲ್ಲ. ತಯಾರಿಸುವವರು ಏನು ಅಂದುಕೊಂಡರೋ ಅದೇ ಅರ್ಥ.

ಇಪ್ಪತ್ತೇಳನೇ ದಿನ ಮತ್ತೊಮ್ಮೆ ಊದಿತು. ಈ ಸಲ ಜೋರಾಗಿ. ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು.

ಡಾಕ್ಟರ ಹತ್ತಿರ ಕಳಿಸಬೇಕಾದ ಹೊತ್ತು ಯಾವುದು ಎಂದು ಈಗ ಯಾರಾದರೂ ಕೇಳಿದರೆ ಇದಲ್ಲ. ಮೊದಲ ಸಲ ಫೋನ್ ಬಂದ ದಿನವೇ, ಅಂದರೆ ಎರಡನೇ ಸಲ ಊದಿದಾಗಲೇ ಕಳಿಸಬೇಕಿತ್ತು. ಕಣ್ಣಿನ ಹತ್ತಿರದ ಊತ, ಅದೂ ಹೋಗಿ ಮತ್ತೆ ಬಂದದ್ದು. ಅದನ್ನು ಮನೆಯಲ್ಲಿ ಕೂತು ಬಿಡಿಸಲು ಹೋಗಬಾರದಿತ್ತು. ಆದರೆ ಅವಳಿಗೆ ನನ್ನ ಮೇಲೆ ನಂಬಿಕೆ, ನನಗೆ ಲೇಬಲ್ಲುಗಳ ಮೇಲೆ ನಂಬಿಕೆ. ಮೂರನೇ ಸಲವೂ, ನಾಲ್ಕನೇ ಸಲವೂ ನಾನು "ಇನ್ನೊಂದು ನೋಡೋಣ" ಅಂದೆ.

ತೋಳಿನ ಮೇಲೆ

ಆ ಇನ್ನೊಂದು ಅಂದರೆ ತೋಳಿನ ಪರೀಕ್ಷೆ. ಮೊಣಕೈ ಮಡಚುವ ಕಡೆ, ಒಳಭಾಗದಲ್ಲಿ, ಒಂದು ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ ಹಚ್ಚುವುದು. ತೊಳೆಯಬಾರದು. ಹೀಗೆ ಕನಿಷ್ಠ 7 ದಿನ. ಏನಾದರೂ ಕಂಡರೆ ಆ ಕ್ಷಣವೇ ನಿಲ್ಲಿಸುವುದು. ಹಚ್ಚಿ ಹತ್ತು ನಿಮಿಷ ನೋಡಿ "ನನಗೇನೂ ಆಗಲಿಲ್ಲ" ಅನ್ನುವ ಪರೀಕ್ಷೆಯಿಂದ ತಕ್ಷಣದ ಉರಿ ಗೊತ್ತಾದೀತು, ಅಲರ್ಜಿ ಗೊತ್ತಾಗುವುದಿಲ್ಲ. ಅದು ಹೊರಬರಲು ದಿನಗಳು ಬೇಕು ಎಂದು ಆಗಲೇ ಹೇಳಿದೆನಲ್ಲ.

ಎರಡು ತೋಳು, ವಾರಕ್ಕೆ ಎರಡು ಸಾಮಾನು ಎಂದು ಲೆಕ್ಕ ಹಾಕಿದೆವು. ಮೂವತ್ತನೇ ದಿನಕ್ಕೆ ಶುರು. ಮುಖಕ್ಕೆ ಬರೀ ನೀರು, ಪೆಟ್ರೋಲಿಯಂ ಜೆಲ್ಲಿ.

ಮೊದಲ ವಾರವೇ ಒಂದು ಎಡವಟ್ಟಾಯಿತು. ಅವಳು ಬಲತೋಳಿಗೆ ಫೇಸ್‌ವಾಶ್ ಹಚ್ಚಿ ಹಾಗೇ ಬಿಟ್ಟಳು. ಎರಡನೇ ದಿನ ಕೆಂಪಾಯಿತು. "ಸಿಕ್ಕಿಬಿಡ್ತು ಅಕ್ಕ!" ಎಂದು ಮೆಸೇಜ್. ಸಿಕ್ಕಿರಲಿಲ್ಲ. ತೊಳೆದು ಬಿಡುವ ಸಾಮಾನನ್ನು ಚರ್ಮದ ಮೇಲೆ ಬಿಟ್ಟರೆ ಯಾರ ತೋಳಾದರೂ ಕೆಂಪಾಗುತ್ತದೆ. ಸೋಪು, ಶಾಂಪೂ, ಫೇಸ್‌ವಾಶ್, ಕೂದಲ ಬಣ್ಣ ಯಾವುದಕ್ಕೂ ಈ ಪರೀಕ್ಷೆ ಅಲ್ಲ. ನಾನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಆ ತೋಳು ಸರಿಹೋಗಲು ಮೂರು ದಿನ ಹೋಯಿತು.

ಎಡತೋಳಿನಲ್ಲಿ ರೆಟಿನಾಲ್ ಇತ್ತು. ಏಳು ದಿನ ಕಳೆದರೂ ಏನೂ ಆಗಲಿಲ್ಲ. ಮುಂದಿನದು ಸನ್‌ಸ್ಕ್ರೀನ್, ಅದರ ಜೊತೆ ಕಣ್ಣಿನ ಕ್ರೀಮ್. ದಿನವೂ ರಾತ್ರಿ ತೋಳಿನ ಫೋಟೋ ಕಳಿಸುತ್ತಿದ್ದಳು. ನಾನು ದೊಡ್ಡದು ಮಾಡಿ, ಆ ನಾಣ್ಯದಷ್ಟು ಜಾಗವನ್ನೇ ನೋಡಿ "ಕ್ಲೀನ್" ಎಂದು ಉತ್ತರ ಬರೆಯುತ್ತಿದ್ದೆ.

ನಲವತ್ತೆರಡನೇ ದಿನ ಐದನೇ ಸಲ ರೆಪ್ಪೆ ಊದಿತು. ತೋಳುಗಳಲ್ಲಿ ಒಂದು ಚುಕ್ಕೆಯೂ ಇಲ್ಲ. ಮುಖಕ್ಕೆ ನೀರು, ಜೆಲ್ಲಿ ಬಿಟ್ಟರೆ ಏನೂ ತಗುಲಿಲ್ಲ. ನನ್ನ ಹತ್ತಿರ ಉತ್ತರವಿರಲಿಲ್ಲ.

ಫೋಟೋದಲ್ಲಿ ಇದ್ದದ್ದು

ಆ ರಾತ್ರಿ ಅವಳು ಕಳಿಸಿದ ಹನ್ನೆರಡು ದಿನದ ಫೋಟೋಗಳನ್ನೂ ಒಂದೇ ಪರದೆಯಲ್ಲಿ ಸಾಲಾಗಿ ಇಟ್ಟುಕೊಂಡು ಕೂತೆ. ತೋಳಿನಲ್ಲಿ ಏನೋ ತಪ್ಪಿಹೋಗಿರಬೇಕು ಎಂದು ಹುಡುಕುತ್ತಿದ್ದೆ. ಕಣ್ಣಿಗೆ ಬಿದ್ದದ್ದು ಬೇರೆ. ಮೊದಲ ಹತ್ತು ದಿನದ ಫೋಟೋಗಳಲ್ಲಿ ಅವಳ ಬೆರಳುಗಳ ಉಗುರು ಗಾಢ ಕೆಂಪು. ಕೊನೆಯ ಎರಡರಲ್ಲಿ ನೀಲಿ. ಕನ್ನಡಿಯ ಹಾಗೆ ಹೊಳೆಯುವ, ಚೂರೂ ಗೆರೆಯಿಲ್ಲದ ನೀಲಿ. ಮಾಮೂಲು ನೇಲ್ ಪಾಲಿಶ್ ಅಷ್ಟು ಹೊಳೆಯುವುದಿಲ್ಲ.

ಹಿಂದಿನ ರಾತ್ರಿಯ ನೀಲಿ ಉಗುರಿನ ಫೋಟೋಗೂ ನಾನು "ಕ್ಲೀನ್" ಎಂದೇ ಉತ್ತರಿಸಿದ್ದೆ.

ಫೋನ್ ಮಾಡಿ ಕೇಳಿದೆ. "ಉಗುರಿಗೆ ಏನು ಹಾಕ್ತೀಯ?"

"ಜೆಲ್ ಪಾಲಿಶ್ ಅಕ್ಕ. ಮನೇಲೇ ಮಾಡ್ಕೋತೀನಿ. ಅದನ್ನ ಗಟ್ಟಿ ಮಾಡೋ ದೀಪದ ಕಿಟ್ ಇದೆ."

"ಯಾವಾಗಿನಿಂದ?"

"ತುಂಬಾ ದಿನ ಆಯ್ತು. ಈ ಕ್ರೀಮ್‌ಗಳಿಗಿಂತ ಮೂರು ತಿಂಗಳು ಮೊದಲೇ. ಅದಕ್ಕೂ ಕಣ್ಣಿಗೂ ಏನು ಸಂಬಂಧ?"

ಸಂಬಂಧ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ಉಗುರಿನ ಬಣ್ಣದ ಅಲರ್ಜಿ ಬೆರಳಿನಲ್ಲಿ ಕಾಣದೆ ರೆಪ್ಪೆಯಲ್ಲಿ, ಕುತ್ತಿಗೆಯಲ್ಲಿ ಕಾಣುವುದು ಚರ್ಮವೈದ್ಯರಿಗೆ ಬಹಳ ಹಳೆಯ ವಿಷಯ. ಜೆಲ್ ಬರುವುದಕ್ಕೂ ಮೊದಲು, ಮಾಮೂಲು ನೇಲ್ ಪಾಲಿಶ್‌ನಲ್ಲಿದ್ದ ಒಂದು ರಾಳದಿಂದಲೇ ಇದು ಆಗುತ್ತಿತ್ತು. ಬೆರಳ ತುದಿಯ ಚರ್ಮ ದಪ್ಪ, ತಡೆದುಕೊಳ್ಳುತ್ತದೆ. ರೆಪ್ಪೆ ತೆಳು, ತಡೆಯುವುದಿಲ್ಲ. ದಿನಕ್ಕೆ ಎಷ್ಟು ಸಲ ಕಣ್ಣು ಉಜ್ಜುತ್ತೇವೆ ಎಂದು ನಮಗೆ ಲೆಕ್ಕವೇ ಇರುವುದಿಲ್ಲ. ಇನ್ನು ಕುತ್ತಿಗೆಯ ಬಲಗಡೆಯ ಪಟ್ಟೆ? ಯೋಚನೆ ಮಾಡುವಾಗ ಅವಳು ಬಲಗೈ ಬೆರಳುಗಳನ್ನು ಅಲ್ಲೇ ಒರಗಿಸಿ ಕೂರುತ್ತಾಳೆ. ವಿಡಿಯೊ ಕಾಲ್‌ನಲ್ಲಿ ಎಷ್ಟೋ ಸಲ ನೋಡಿದ್ದೆ.

ಆದರೆ ಇದೂ ಇನ್ನೊಂದು ಊಹೆಯೇ. ರೆಟಿನಾಲ್ ಎಂದಾಗಲೂ, ಸನ್‌ಸ್ಕ್ರೀನ್ ಎಂದಾಗಲೂ ನನಗೆ ಇಷ್ಟೇ ಖಾತ್ರಿ ಇತ್ತು. ಈ ಸಲ ತಾರೀಖು ನೋಡೋಣ ಅಂದೆ. ಪುಣ್ಯಕ್ಕೆ ಅವಳಿಗೆ ಉಗುರು ಮುಗಿದ ಕೂಡಲೇ ಫೋಟೋ ತೆಗೆದು ಗೆಳತಿಯರಿಗೆ ಕಳಿಸುವ ಚಟ. ಫೋನಿನಲ್ಲಿ ಅಂಥ ಹನ್ನೆರಡು ಫೋಟೋ ಇದ್ದವು, ಸುಮಾರು ಎರಡು ವಾರಕ್ಕೆ ಒಂದು. ಜೆಲ್ ಉಳಿಯುವುದೂ ಅಷ್ಟೇ ದಿನ. ಪಕ್ಕದಲ್ಲಿ ರೆಪ್ಪೆ ಊದಿದ ತಾರೀಖುಗಳನ್ನು ಬರೆದೆವು. ಮೊದಲ ಏಳು ಸಲ ಉಗುರು ಮಾಡಿದ ಮೇಲೆ ಏನೂ ಆಗಿಲ್ಲ. ಕೊನೆಯ ಐದು ಸಲವೂ ಎರಡನೇ ದಿನ ರೆಪ್ಪೆ ಊದಿದೆ. ಐದಕ್ಕೆ ಐದು.

ನಮ್ಮನ್ನು ದಾರಿ ತಪ್ಪಿಸಿದ್ದು ಆ ಮೊದಲ ಏಳು. ಇಷ್ಟು ದಿನ ಹಾಕಿ ಏನೂ ಆಗದ್ದು ಈಗೇಕೆ ಆಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಈ ಬಗೆಯ ಅಲರ್ಜಿ ಹುಟ್ಟುವುದೇ ಪದೇ ಪದೇ ತಗುಲಿ. ಅದಕ್ಕೆ ವಾರಗಳು, ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯಬಹುದು. ಎಂಟನೇ ಸಲದ ಹೊತ್ತಿಗೆ ಅವಳ ದೇಹ ಗುರುತಿಟ್ಟುಕೊಂಡಿತ್ತು. ಅದಕ್ಕೆ ಎರಡು ದಿನ ಮೊದಲು ಅವಳು ರೆಟಿನಾಲ್ ಶುರು ಮಾಡಿದ್ದಳು. ಕಾಕತಾಳೀಯ ಅಷ್ಟೇ. ಆದರೆ ಮನೆಯಲ್ಲಿ ಹನ್ನೊಂದು ಹೊಸ ಬಾಟಲಿ ಇರುವಾಗ ಹಳೆಯ ಕಿಟ್ ಯಾರ ನೆನಪಿಗೂ ಬರುವುದಿಲ್ಲ.

ಇಲ್ಲಿ ಅವಳು ಇನ್ನೊಂದು ಮಾತೂ ಹೊರಹಾಕಿದಳು. ನನ್ನ ಸಲಹೆಯ ಮೊದಲ ನಾಲ್ಕು ದಿನ, ಕಪಾಟಿನಲ್ಲಿದ್ದ ಹಳೆಯ ಸ್ಟೀರಾಯ್ಡ್ ಮುಲಾಮನ್ನು ರೆಪ್ಪೆಗೆ ಹಚ್ಚಿದ್ದಳಂತೆ. "ಬೈತೀರಿ ಅಂತ ಹೇಳಲಿಲ್ಲ." ಅಂದರೆ ಎಂಟು ದಿನದಲ್ಲಿ ಊತ ಇಳಿದದ್ದಕ್ಕೆ ನಾನು ಬೀಗಿದ್ದೂ ಸುಳ್ಳೇ. ಆ ಮುಲಾಮನ್ನು ಡಾಕ್ಟರು ಹೇಳದೆ ರೆಪ್ಪೆಗೆ ಹಚ್ಚುವುದು ಅಪಾಯ. ಹೆಚ್ಚು ದಿನ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕಣ್ಣಿನ ಒಳಗಿನ ಒತ್ತಡ ಏರಬಹುದು. ನಾನು ಬೈಯಲಿಲ್ಲ. ಬೈಯುವಂಥವಳು ಅಂತ ಅನ್ನಿಸಿದ್ದಕ್ಕೇ ಅಲ್ವಾ ಅವಳು ಮುಚ್ಚಿಟ್ಟದ್ದು.

ಮಾಡದೆ ಬಿಟ್ಟ ಒಂದು ಪರೀಕ್ಷೆ

"ಹಾಗಾದ್ರೆ ಜೆಲ್ಲನ್ನೂ ತೋಳಿಗೆ ಹಚ್ಚಿ ನೋಡ್ಲಾ? ಒಂದೇ ವಾರದಲ್ಲಿ ಗೊತ್ತಾಗತ್ತೆ."

ಬೇಡವೇ ಬೇಡ ಅಂದೆ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಹೇಳಿದ ಒಂದೇ ಮಾತು ಇದಿರಬೇಕು.

ಜೆಲ್ ಪಾಲಿಶ್ ಬಾಟಲಿಯಲ್ಲಿ ಇರುವುದು ಅಕ್ರಿಲೇಟ್, ಮೆಥಾಕ್ರಿಲೇಟ್ ಎಂಬ ಸಣ್ಣ ಅಣುಗಳು. ಇವುಗಳಲ್ಲಿ ಅಲರ್ಜಿಗೆ ಹೆಸರಾದದ್ದು ಎಚ್‌ಇಎಂಎ. ದೀಪದ ಬೆಳಕು ಬಿದ್ದಾಗ ಈ ಅಣುಗಳು ಒಂದಕ್ಕೊಂದು ಕೈಹಿಡಿದು ಗಟ್ಟಿ ಪದರವಾಗುತ್ತವೆ. ಪೂರ್ತಿ ಗಟ್ಟಿಯಾದದ್ದು ಹೆಚ್ಚು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಗಟ್ಟಿಯಾಗದೆ ಉಳಿದದ್ದು. ಹಸಿ ಜೆಲ್ಲನ್ನು ತೋಳಿಗೆ ಹಚ್ಚುವುದು ಅಂದರೆ ಅದನ್ನೇ ಚರ್ಮಕ್ಕೆ ಉಣಿಸಿದ ಹಾಗೆ. ಅಲರ್ಜಿ ಇದ್ದವರಿಗೆ ಬೊಕ್ಕೆ ಏಳಬಹುದು. ಇಲ್ಲದವರಿಗೆ ಆ ಪರೀಕ್ಷೆಯಿಂದಲೇ ಅಲರ್ಜಿ ಹುಟ್ಟಿಕೊಳ್ಳಬಹುದು.

ಅವಳ ಮನೆಯಲ್ಲಿ ಜೆಲ್ ಗಟ್ಟಿಯಾಗದೆ ಉಳಿಯಲು ಕಾರಣಗಳಿಗೆ ಕೊರತೆ ಇರಲಿಲ್ಲ. ಕಿಟ್‌ನ ಜೊತೆ ಬಂದ ಜೆಲ್ ಮುಗಿದಿತ್ತು, ಬಣ್ಣಕ್ಕಾಗಿ ಬೇರೆ ಕಂಪನಿಯ ಬಾಟಲಿಗಳನ್ನು ತಂದಿದ್ದಳು. ದೀಪ ಒಂದು ಕಡೆಯದು, ಜೆಲ್ ಇನ್ನೊಂದು ಕಡೆಯದು. ಯಾವ ಜೆಲ್ಲಿಗೆ ಎಂಥ ಬೆಳಕು, ಎಷ್ಟು ಹೊತ್ತು ಬೇಕು ಅನ್ನುವುದು ಆಯಾ ಜೆಲ್ಲಿನ ಲೆಕ್ಕ. ಹೊಂದದಿದ್ದರೆ ಮೇಲೆ ಗಟ್ಟಿ, ಒಳಗೆ ಹಸಿ. ಬಣ್ಣ ಚೆನ್ನಾಗಿ ಕಾಣಲಿ ಎಂದು ಪದರವನ್ನೂ ದಪ್ಪ ಹಾಕುತ್ತಿದ್ದಳು. ಅಂಚಿಗೆ ಹರಿದದ್ದನ್ನು ಬೆರಳಿನಿಂದಲೇ ಒರೆಸುತ್ತಿದ್ದಳು. ಮತ್ತೆ, ಗಾಳಿಯ ಆಮ್ಲಜನಕ ತಾಗುವ ಕಡೆ ಜೆಲ್ ಗಟ್ಟಿಯಾಗುವುದಿಲ್ಲ. ದೀಪದ ಕೆಳಗಿಟ್ಟು ತೆಗೆದ ಮೇಲೂ ಉಗುರು ಅಂಟಂಟಾಗಿರುತ್ತದಲ್ಲ, ಆ ಅಂಟೇ ಹಸಿ ಜೆಲ್. ಅದನ್ನೂ ಒಂದೇ ಹತ್ತಿಯಲ್ಲಿ, ಬರಿಗೈಯಲ್ಲಿ, ಹತ್ತೂ ಉಗುರಿಗೆ ಉಜ್ಜುತ್ತಿದ್ದಳು. ಉಗುರಿನ ಸುತ್ತ ಚರ್ಮ ಸ್ವಲ್ಪ ಸುಲಿಯುತ್ತಿತ್ತಂತೆ. ಸೋಪಿನ ನೀರಿನಿಂದ ಎಂದುಕೊಂಡು ಸುಮ್ನೆ ಬಿಟ್ಟಿದ್ದಳು.

ಗ್ಲೌಸ್ ಹಾಕಿಕೊಂಡರೆ ಸಾಲದಾ ಎಂದೂ ಕೇಳಿದಳು. ಮಾಮೂಲು ತೆಳು ಗ್ಲೌಸ್‌ಗಳನ್ನು ಈ ಅಣುಗಳು ನಿಮಿಷಗಳಲ್ಲೇ ದಾಟುತ್ತವೆ.

ಇದೇನೂ ಅವಳೊಬ್ಬಳ ಕಥೆಯಲ್ಲ. 2012ರಲ್ಲೇ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅಕ್ರಿಲೇಟ್‌ಗಳನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು. 2018ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಸಂಘ ಮನೆಯಲ್ಲಿ ಬಳಸುವ ಜೆಲ್ ಕಿಟ್‌ಗಳ ಬಗ್ಗೆ ಎಚ್ಚರಿಸಿತು. ಯುರೋಪಿನಲ್ಲಿ 2021ರಿಂದ ಎಚ್‌ಇಎಂಎ ಇರುವ ಉಗುರಿನ ಸಾಮಾನುಗಳು ಕಸುಬಿನವರ ಬಳಕೆಗೆ ಮಾತ್ರ.

ಖಚಿತವಾದದ್ದು

ಮರುದಿನವೇ ಜೆಲ್ ತೆಗೆಸಿದಳು. ಇಲ್ಲೂ ಒಂದು ಎಚ್ಚರ ಬೇಕು. ಅರದಿಂದ ಉಜ್ಜಿ ತೆಗೆದರೆ ಆ ಪುಡಿ ಮುಖದ ಮೇಲೇ ಹಾರುತ್ತದೆ. ಅಸಿಟೋನ್‌ನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬಿಡಿಸಿದಳು. ತಾಳ್ಮೆಯ ಕೆಲಸ, ಒಂದು ಸಂಜೆ ಪೂರ್ತಿ ಹೋಯಿತು.

ಈ ಸಲ ಜೊತೆಗೇ ಚರ್ಮವೈದ್ಯರ ಹತ್ತಿರವೂ ಹೋದಳು. ತಾರೀಖುಗಳ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದಳು. ಡಾಕ್ಟರು ಮೊದಲು ನೋಡಿದ್ದು ಅದನ್ನಂತೆ. ರೆಪ್ಪೆ ಪೂರ್ತಿ ವಾಸಿಯಾಗಲಿ ಎಂದು ಮೂರು ವಾರ ಬಿಟ್ಟು ಪ್ಯಾಚ್ ಟೆಸ್ಟ್ ಮಾಡಿದರು. ಮನೆಯ ತೋಳಿನ ಪರೀಕ್ಷೆಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಅಳೆದು ತಯಾರಿಸಿದ ರಾಸಾಯನಿಕಗಳನ್ನು ಪುಟ್ಟ ಬಟ್ಟಲುಗಳಲ್ಲಿ ಹಾಕಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ನೀರು ತಾಗಿಸುವಂತಿಲ್ಲ. ತೆಗೆದ ಮೇಲೆ ಒಮ್ಮೆ ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಕೆಲವು ಅಲರ್ಜಿಗಳು ಎರಡನೇ ಸಲ ನೋಡಿದಾಗಲೇ ಕಾಣುವುದು.

ಎಚ್‌ಇಎಂಎ ಜಾಗದಲ್ಲಿ ಕೆಂಪು, ಸಣ್ಣ ಸಣ್ಣ ಗುಳ್ಳೆ. ಅದೇ ಕುಟುಂಬದ ಇನ್ನೊಂದಕ್ಕೂ ಹಾಗೇ. ಸುಗಂಧಗಳಿಗೆ ಏನೂ ಆಗಿರಲಿಲ್ಲ. ಕೆಡದಂತೆ ಹಾಕುವ ರಾಸಾಯನಿಕಗಳಿಗೂ ಏನೂ ಆಗಿರಲಿಲ್ಲ. ನಾನು ವಾರಗಟ್ಟಲೆ ಲೇಬಲ್ಲಿನ ಬಾಲದಲ್ಲಿ ಹುಡುಕಿದ್ದಕ್ಕೆಲ್ಲ ಬೆನ್ನು "ಇಲ್ಲ" ಎಂದು ಬರೆದುಕೊಟ್ಟಿತ್ತು.

ಜೆಲ್ ಬಿಟ್ಟ ಮೇಲೆ ರೆಪ್ಪೆ ಊದಿಲ್ಲ. ಈಗ ಏಳು ತಿಂಗಳಾಯಿತು.

ಕ್ರೀಮ್‌ಗಳ ಕಥೆ

ಹನ್ನೊಂದು ಬಾಟಲಿ ಏನಾದವು? ಎರಡು ವಾರಕ್ಕೆ ಒಂದರಂತೆ ಮತ್ತೆ ಶುರು ಮಾಡಿದಳು. ಮೊದಲು ತೋಳು, ಆಮೇಲೆ ದವಡೆಯ ಅಂಚು, ಆಮೇಲೆ ಮುಖ. ರೆಟಿನಾಲ್ ವಾರಕ್ಕೆ ಎರಡು ರಾತ್ರಿ, ಇಡೀ ಮುಖಕ್ಕೆ ಒಂದು ಬಟಾಣಿಯಷ್ಟು. ಏನೂ ಆಗಲಿಲ್ಲ. ನಾವಿಬ್ಬರೂ ಸೇರಿ ಮೊದಲು ಅಪರಾಧಿ ಎಂದ ಅದೇ ರೆಟಿನಾಲ್ ಈಗ ಅವಳಿಗೆ ಬಲು ಇಷ್ಟದ್ದು. ಗ್ಲೈಕೋಲಿಕ್ ಆಸಿಡ್ ಹಚ್ಚಿದಾಗಲೆಲ್ಲ ಕೆನ್ನೆ ಚುರುಗುಟ್ಟಿತು. ಅದು ಅಲರ್ಜಿಯಲ್ಲ, ಸುಮ್ನೆ ಉರಿತ. ಬಿಟ್ಟುಬಿಟ್ಟಳು. 10% ನಿಯಾಸಿನಮೈಡ್‌ಗೆ ಮುಖ ಕೆಂಪೇರಿತು, 5%ದಕ್ಕೆ ಇಳಿದಳು. ವಿಟಮಿನ್ ಸಿ ಇಷ್ಟರೊಳಗೆ ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗಿತ್ತು, ಎಸೆದಳು. ಎರಡು ಫೇಸ್‌ವಾಶ್ ಏಕೆ ಬೇಕಿತ್ತು ಅನ್ನುವುದಕ್ಕೆ ಅವಳ ಹತ್ತಿರವೂ ಉತ್ತರವಿರಲಿಲ್ಲ. ಕೊನೆಗೆ ಉಳಿದದ್ದು ಐದು.

ಅವಳೀಗ ಒಂದು ಪುಸ್ತಕ ಇಟ್ಟಿದ್ದಾಳೆ. ದಿನಕ್ಕೆ ಒಂದೇ ಸಾಲು. ಹೊಸದೇನು ಹಚ್ಚಿದೆ ಎಂದಲ್ಲ, ಹೊಸದೇನು ತಾಗಿತು ಎಂದು. ಶಾಂಪೂ ಬದಲಾದರೆ ಅದು, ಬಟ್ಟೆ ಒಗೆಯುವ ಪುಡಿ ಬದಲಾದರೆ ಅದು, ಕೂದಲಿಗೆ ಬಣ್ಣ, ಹೊಸ ಕಿವಿಯೋಲೆ, ಪಾತ್ರೆ ತೊಳೆಯುವ ಸೋಪು. ನಾನೂ ನನ್ನ ಮೊದಲ ಪ್ರಶ್ನೆ ಬದಲಾಯಿಸಿಕೊಂಡಿದ್ದೇನೆ. ಯಾರಾದರೂ ರೆಪ್ಪೆ ಕೆಂಪಾಗಿದೆ ಎಂದರೆ ಈಗ "ಕೈ ತೋರಿಸು" ಅನ್ನುತ್ತೇನೆ.

ಕಿಟ್‌ನ ಬಗ್ಗೆ ಒಂದು ಸಣ್ಣ ಜಗಳವೂ ಆಯಿತು. ಅವಳ ತಂಗಿಗೆ ಅದು ಬೇಕಿತ್ತು. "ನಿನಗೆ ಅಲರ್ಜಿ, ನನಗಲ್ಲವಲ್ಲ" ಎಂದು ವಾದ. ವಾದ ತಪ್ಪೇನಲ್ಲ. ಆದರೆ ಅಕ್ಕನಿಗೂ ಮೊದಲ ಏಳು ಸಲ ಅಲರ್ಜಿ ಇರಲಿಲ್ಲ. ಕಿಟ್ ಕಸಕ್ಕೆ ಹೋಯಿತು. ತಂಗಿ ಎರಡು ವಾರ ಮಾತು ಬಿಟ್ಟಳು.

ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ. ಅದೂ ಉಗುರಿಗಷ್ಟೇ ಸೀಮಿತವಲ್ಲ. ಹಲ್ಲಿನ ಕುಳಿ ತುಂಬುವಾಗ ಹಚ್ಚುವ ಹಲವು ಅಂಟುಗಳಲ್ಲಿ ಇದೇ ಅಣು ಇರುತ್ತದೆ, ಕೆಲವು ವೈದ್ಯಕೀಯ ಅಂಟುಗಳಲ್ಲಿ ಇದರ ಬಳಗದವು ಇರುತ್ತವೆ. ಇದನ್ನೆಲ್ಲ ಚರ್ಮವೈದ್ಯರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ದಿನ ಅವಳಿಗೆ ಇದು ಅತಿಯಾಯಿತು ಅನ್ನಿಸಿತ್ತು.

ಹೋದ ತಿಂಗಳು ಹಲ್ಲು ನೋವೆಂದು ಹೋಗಿದ್ದಳು. ತುಂಬಲು ಕೊಟ್ಟ ಅರ್ಜಿಯಲ್ಲಿ "ಯಾವುದಕ್ಕಾದರೂ ಅಲರ್ಜಿ ಇದೆಯೇ" ಎಂಬ ಸಾಲು. ಇಷ್ಟು ವರ್ಷ ಓದದೆಯೇ "ಇಲ್ಲ" ಎಂದು ಬರೆಯುತ್ತಿದ್ದವಳು ಈ ಸಲ ಎಚ್‌ಇಎಂಎ ಎಂದು ನಾಲ್ಕು ಅಕ್ಷರ ಬರೆದಳು. ದಂತವೈದ್ಯೆ ಅದನ್ನು ಓದಿ, ಅವಳ ಮುಖ ನೋಡಿ, ಎದ್ದು ಹೋಗಿ ಕಪಾಟಿನಿಂದ ಬೇರೆ ಬಾಟಲಿ ತಂದರಂತೆ.